ಸೊನ್ನಲಿಗೆಯ ಕೆರೆಯೂ ಹೆಬ್ಬೆಯ ನೀರೂ: ಸುಸ್ಥಿರತೆಯ ವಿದ್ಯೆಗೆ ಶರಣಸಾಹಿತ್ಯದ ಒರೆಗಲ್ಲು

ಈಚಿನ ವರುಷಗಳಲ್ಲಿ ನಮ್ಮ ಕಾಲೇಜುಗಳಲ್ಲಿಯೂ ವಿಶ್ವವಿದ್ಯಾನಿಲಯಗಳಲ್ಲಿಯೂ ನಡೆಯುವ ವಿಚಾರಗೋಷ್ಠಿಗಳಲ್ಲಿ ‘ವಚನಗಳಲ್ಲಿ ಪರಿಸರ ಪ್ರಜ್ಞೆ’ ಎಂಬ ವಿಷಯ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಅಲ್ಲಿ ಮಂಡಿತವಾಗುವ ಪ್ರಬಂಧಗಳ ಕ್ರಮ ಬಹುಮಟ್ಟಿಗೆ ಒಂದೇ. ಮರ, ನೀರು, ಮಣ್ಣು, ಪಶು, ಪಕ್ಷಿ ಇವುಗಳ ಹೆಸರು ಬಂದಿರುವ ವಚನಗಳನ್ನು ಆಯ್ದು ಜೋಡಿಸಿ, ಇಂದಿನ ವಿಜ್ಞಾನಿಗಳು ಹೇಳುತ್ತಿರುವುದನ್ನೇ ಶರಣರು ಎಂಟುನೂರು ವರುಷಗಳ ಹಿಂದೆ ಹೇಳಿದ್ದರೆಂದು ತೀರ್ಮಾನಿಸಿ, ಸಂತೋಷದಿಂದ ಮುಗಿಸುವುದು. ಇತ್ತ ವಿಜ್ಞಾನದ ಕಡೆಯಲ್ಲಿ ‘ಸುಸ್ಥಿರತೆ’ಯನ್ನು ಹಲವು ಶಾಸ್ತ್ರಗಳ ಕೂಡಲ ಸಂಗಮವೆಂದು ಕರೆಯುತ್ತಾರೆ. ಆದರೆ ಆ ಸಂಗಮದಲ್ಲಿ ಸಾಹಿತ್ಯಕ್ಕೆ ಸಿಗುವ ಸ್ಥಾನ ಸಾಮಾನ್ಯವಾಗಿ ಮುನ್ನುಡಿಯ ಸೂಕ್ತಿಯದು ಮಾತ್ರ. ಮೇಲುನೋಟಕ್ಕೆ ಇವು ಬೇರೆ ಬೇರೆಯಾಗಿ ಕಂಡರೂ ಒಂದೇ ದೋಷದ ಎರಡು ಮುಖಗಳು. ಸಾಹಿತ್ಯದವರು ಶರಣರನ್ನು ವಿಜ್ಞಾನದ ಸಾಕ್ಷಿಗಳನ್ನಾಗಿ ಕರೆತರುತ್ತಾರೆ. ವಿಜ್ಞಾನದವರು ಅವರನ್ನು ಅಲಂಕಾರವನ್ನಾಗಿ ಇರಿಸಿಕೊಳ್ಳುತ್ತಾರೆ. ಶರಣರು ನಮ್ಮನ್ನು ಪ್ರಶ್ನಿಸಲು ಇಬ್ಬರೂ ಅವಕಾಶ ಕೊಡುವುದಿಲ್ಲ.

ಶರಣಸಾಹಿತ್ಯ ಸುಸ್ಥಿರತೆಯ ವಿದ್ಯೆಗೆ ಕೊಡಬಲ್ಲದ್ದು ಒಪ್ಪಿಗೆಯ ಮುದ್ರೆಯನ್ನಲ್ಲ, ಒರೆಗಲ್ಲನ್ನು ಎಂಬುದು ಈ ಲೇಖನದ ಅಭಿಪ್ರಾಯ. ಅದನ್ನು ಸ್ಥಾಪಿಸಲು ಎರಡು ಪ್ರಸಂಗಗಳನ್ನು ಆಶ್ರಯಿಸುತ್ತೇವೆ. ಒಂದು, ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯನವರದು. ಮತ್ತೊಂದು, ‘ಶೂನ್ಯಸಂಪಾದನೆ’ಯಲ್ಲಿ ಬರುವ ಅಲ್ಲಮಪ್ರಭು ಹಾಗೂ ಸೊನ್ನಲಿಗೆಯ ಸಿದ್ಧರಾಮರ ಸಂವಾದ. ಒರೆಗೆ ಹಚ್ಚುವ ಚಿನ್ನವಾಗಿ ನಮ್ಮ ನಾಡಿನದೇ ಆದ ಒಂದು ಸ್ಥಳವನ್ನು, ತರೀಕೆರೆ ಸೀಮೆಯ ಹೆಬ್ಬೆಯನ್ನು, ತೆಗೆದುಕೊಳ್ಳುತ್ತೇವೆ.

೧

ಹೆಬ್ಬೆ ಎಂದೊಡನೆ ಹಲವರಿಗೆ ನೆನಪಾಗುವುದು ಜಲಪಾತ. ಕೆಮ್ಮಣ್ಣುಗುಂಡಿಯ ಕೆಳಗೆ, ಕಾಫಿ ತೋಟಗಳನ್ನೂ ಕಾಡನ್ನೂ ದಾಟಿದ ಮೇಲೆ, ಸುಮಾರು ೫೫೦ ಅಡಿ ಎತ್ತರದಿಂದ ನೀರು ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಮಜಲುಗಳಲ್ಲಿ ಇಳಿಯುತ್ತದೆ. ಭದ್ರಾ ಅಭಯಾರಣ್ಯದ ನಾಲ್ಕು ವಲಯಗಳಲ್ಲಿ ಒಂದಕ್ಕೂ ಹೆಬ್ಬೆಯ ಹೆಸರೇ ಇದೆ. ಉಳಿದವು ಮುತ್ತೋಡಿ, ಲಕ್ಕವಳ್ಳಿ ಮತ್ತು ತಣಿಗೆಬೈಲು. ಈ ಬೆಟ್ಟಗಳ ಪಶ್ಚಿಮದ ಇಳಿಜಾರಿನ ನೀರು ಲಕ್ಕವಳ್ಳಿಯಲ್ಲಿ ಕಟ್ಟಿರುವ ಭದ್ರಾ ಜಲಾಶಯವನ್ನು ಸೇರುತ್ತದೆ. ಅದೇ ಬೆಟ್ಟಗಳ ಪೂರ್ವದ ಮಗ್ಗುಲಲ್ಲಿ ಕೆಲವೇ ಹರದಾರಿ ನಡೆದರೆ ಕಡೂರಿನ ಬಯಲುಸೀಮೆ. ಅಲ್ಲಿನ ರೈತ ಆಕಾಶವನ್ನು ನೋಡಿ ಬಿತ್ತುತ್ತಾನೆ. ಅಯ್ಯನಕೆರೆಯಂಥ ಹಳೆಯ ಕೆರೆಗಳನ್ನು ನಂಬಿ ಬದುಕುತ್ತಾನೆ. ಅಜ್ಜಂಪುರದ ಸೀಮೆಯಲ್ಲಿ ಅಮೃತಮಹಲ್ ದನಗಳಿಗಾಗಿ ಕಾಯ್ದಿಟ್ಟ ಕಾವಲುಗಳಿವೆ. ಮಳೆ ಅತಿಯಾಗಿರುವ ನಾಡು ಮತ್ತು ಮಳೆ ಸಾಲದ ನಾಡು ಹೀಗೆ ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುವ ಸ್ಥಳ ಕನ್ನಡ ನಾಡಿನಲ್ಲಿ ಅಪರೂಪ.

ಈ ಬೆಟ್ಟದ ಮೇಲೆ ಕಳೆದ ನೂರು ವರುಷಗಳಲ್ಲಿ ನಡೆದ ಕಾರ್ಯಗಳನ್ನು ಕ್ರಮವಾಗಿ ನೆನೆಯೋಣ. ೧೯೨೩ರಲ್ಲಿ ಉತ್ಪಾದನೆಯನ್ನು ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಕಲ್ಲಿದ್ದಲಿಲ್ಲದ ಮೈಸೂರು ಸಂಸ್ಥಾನದಲ್ಲಿ ಕುಲುಮೆಗೆ ಬೇಕಾದ ಇದ್ದಿಲನ್ನು ಒದಗಿಸಿದ್ದು ಮಲೆನಾಡಿನ ಕಾಡು. ೧೯೫೧ರಲ್ಲಿ ಇದೇ ಕಾಡಿನ ಒಂದು ಭಾಗ ಜಾಗರ ಕಣಿವೆಯ ಅಭಯಾರಣ್ಯವೆನಿಸಿತು. ೧೯೭೪ರಲ್ಲಿ ಅದು ವಿಸ್ತಾರಗೊಂಡು ಭದ್ರಾ ಎಂಬ ಹೆಸರು ಪಡೆಯಿತು. ಈ ನಡುವೆ ೧೯೬೦ರ ದಶಕದಲ್ಲಿ ಅಣೆಕಟ್ಟು ಪೂರ್ಣಗೊಂಡು ಕೆಳಗಣ ಬಯಲುಗಳು ಹಸಿರಾದವು. ಕಣಿವೆಯ ನೆಲ ನೀರಿನಡಿ ಸೇರಿತು. ೧೯೯೮ರಲ್ಲಿ ಅಭಯಾರಣ್ಯವು ಹುಲಿ ಯೋಜನೆಗೆ ಒಳಪಟ್ಟಿತು. ೨೦೦೧-೦೨ರ ಸುಮಾರಿನಲ್ಲಿ ಕಾಡಿನೊಳಗಣ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದು, ಬಹುಪಾಲು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿಯೂ ಉಳಿದವು ಮೂಡಿಗೆರೆ ತಾಲ್ಲೂಕಿನ ಕೆಳಗೂರಿನಲ್ಲಿಯೂ ನೆಲೆಸಿದವು. ಈಗ ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಬಳಿಯ ಸುರಂಗವನ್ನು ಹಾಯ್ದು ಚಿತ್ರದುರ್ಗದ ಕಡೆಗೆ ಸಾಗುತ್ತದೆ.

ಇವೆಲ್ಲವೂ ಒಂದೊಂದು ಕಾಲದ ಸತ್ಕಾರ್ಯಗಳೇ ಎಂಬುದನ್ನು ಗಮನಿಸಬೇಕು. ಕಬ್ಬಿಣವನ್ನು ಕರಗಿಸಿದವರು ನಾಡಿನ ಏಳಿಗೆಯನ್ನು ಬಯಸಿದರು. ಅಣೆಕಟ್ಟು ಕಟ್ಟಿದವರು ಅನ್ನವನ್ನು ಬಯಸಿದರು. ಕಾಡನ್ನು ಕಾದವರು ಜೀವಸಂಕುಲದ ಉಳಿವನ್ನು ಬಯಸಿದರು. ಆದರೂ ಒಬ್ಬರ ಸತ್ಕಾರ್ಯ ಇನ್ನೊಬ್ಬರ ಸತ್ಕಾರ್ಯವನ್ನು ತಿನ್ನುತ್ತ ಬಂದಿದೆ. ಭೂವಿಜ್ಞಾನಿ ಅದಿರನ್ನು, ಅರಣ್ಯಶಾಸ್ತ್ರಜ್ಞ ತೇಗವನ್ನು, ಪ್ರಾಣಿಶಾಸ್ತ್ರಜ್ಞ ಹುಲಿಯನ್ನು, ಎಂಜಿನಿಯರು ಘನ ಅಡಿಗಳನ್ನು, ಅರ್ಥಶಾಸ್ತ್ರಜ್ಞ ಪರಿಹಾರದ ಮೊತ್ತವನ್ನು ಲೆಕ್ಕ ಹಾಕುವರು. ಹೆಬ್ಬೆಯ ನೀರು ಮಾತ್ರ ಈ ವಿಭಾಗಗಳನ್ನು ಅರಿಯದೆ ಇವೆಲ್ಲವುಗಳ ನಡುವೆ ಹರಿಯುತ್ತದೆ. ಶಾಸ್ತ್ರಗಳು ಕೂಡಬೇಕೆಂಬ ಮಾತು ಹುಟ್ಟಿದ್ದು ಇಂಥ ಅನುಭವದಿಂದಲೇ.

೨

ಈಗ ಲಕ್ಕಮ್ಮನ ಪ್ರಸಂಗಕ್ಕೆ ಬರೋಣ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚಿನ ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಲು ಹೇಳುತ್ತಾಳೆ. ಪರಿಸರ ಪ್ರಜ್ಞೆಯ ಪ್ರಬಂಧಗಳಲ್ಲಿ ಈ ಪ್ರಸಂಗ ತಪ್ಪದೆ ಬರುತ್ತದೆ. ಸಂಪನ್ಮೂಲಗಳ ಮಿತಬಳಕೆಗೆ ಇದಕ್ಕಿಂತ ಉತ್ತಮ ನಿದರ್ಶನ ಬೇಕೆ ಎಂದು ಕೇಳುವುದುಂಟು.

ಪ್ರಸಂಗವನ್ನು ಸಾವಧಾನವಾಗಿ ಓದಿದರೆ ಈ ಸಮೀಕರಣ ನಿಲ್ಲುವುದಿಲ್ಲ. ೧೯೮೭ರಲ್ಲಿ ವಿಶ್ವಸಂಸ್ಥೆಯ ಬ್ರುಂಟ್ಲೆಂಡ್ ಆಯೋಗ ತನ್ನ ವರದಿಯಲ್ಲಿ ಸುಸ್ಥಿರ ಅಭಿವೃದ್ಧಿಗೆ ಕೊಟ್ಟ ವ್ಯಾಖ್ಯೆಯು ಮುಂದಿನ ಪೀಳಿಗೆಯ ಅಗತ್ಯಗಳನ್ನು ಕುರಿತದ್ದು. ಮುಂದಿನವರಿಗೆ ಸಾಲದೆ ಹೋದೀತೆಂಬ ಎಚ್ಚರ ಅದರ ತಿರುಳು. ಎಂದರೆ ಮಿತಿಯನ್ನು ಗೊತ್ತುಮಾಡುವುದು ಕೊರತೆ. ಮಹಾಮನೆಯ ಅಂಗಳದಲ್ಲಿ ಅಕ್ಕಿಗೆ ಕೊರತೆಯೆಂಬುದಿರಲಿಲ್ಲ. ಮಾರಯ್ಯ ತಂದುದರಿಂದ ಮತ್ತೊಬ್ಬನ ಅನ್ನಕ್ಕೆ ಕುಂದಾಯಿತೆಂದು ಲಕ್ಕಮ್ಮ ವಾದಿಸುವುದೂ ಇಲ್ಲ. ನಾಳಿನ ಮಾತನ್ನು ಆಕೆ ಎತ್ತುವುದೇ ಇಲ್ಲ. ನಾಳೆಗೆಂದು ಕೂಡಿಡುವ ಬುದ್ಧಿಯೇ ಆಕೆಗೆ ದೋಷವಾಗಿ ಕಾಣುತ್ತದೆ. ಆಕೆಯ ಮಿತಿ ಬಂದಿರುವುದು ಕಾಯಕದ ಸ್ವರೂಪದಿಂದ, ಮನಸ್ಸಿನ ಶುದ್ಧಿಯಿಂದ. ಸಮೃದ್ಧಿಯ ನಡುವೆ ನಿಂತು ಹಾಕಿಕೊಂಡ ಮಿತಿ ಅದು. ಎರಡನ್ನೂ ಒಂದೆಂದರೆ ಲಕ್ಕಮ್ಮನಿಗೂ ನ್ಯಾಯವಾಗದು, ಬ್ರುಂಟ್ಲೆಂಡ್ ವರದಿಗೂ ನ್ಯಾಯವಾಗದು.

ಹಾಗೆಂದು ಈ ಪ್ರಸಂಗದಿಂದ ಸುಸ್ಥಿರತೆಯ ವಿದ್ಯೆಗೆ ಪ್ರಯೋಜನವಿಲ್ಲವೆನ್ನಲಾಗದು. ಪ್ರಯೋಜನವಿರುವುದು ಈ ವ್ಯತ್ಯಾಸದಲ್ಲಿಯೇ. ಕಡೂರಿನ ಬಯಲಿನಲ್ಲಿ ನೀರಿನ ಮಿತಿಯನ್ನು ಯಾರೂ ಬೋಧಿಸಬೇಕಾಗಿಲ್ಲ. ಬತ್ತಿದ ಬಾವಿಯೇ ಬೋಧಿಸುತ್ತದೆ. ಹೆಬ್ಬೆಯಲ್ಲಿ ನಿಂತವನಿಗೆ ಬೋಧಿಸುವವರು ಯಾರು? ಆಷಾಢ ಶ್ರಾವಣಗಳಲ್ಲಿ ಅಲ್ಲಿ ಧುಮುಕುವ ನೀರನ್ನು ಕಂಡವನಿಗೆ ಕೊರತೆಯ ವಾದ ನಗೆಪಾಟಲಾಗಿ ತೋರುತ್ತದೆ. ಮಲೆನಾಡಿನ ಅದಿರು, ತೇಗ, ನೀರು ಇವುಗಳೆಲ್ಲ ಎಂದೂ ಮುಗಿಯದವೆಂಬ ಭಾವನೆ ಹುಟ್ಟಿದ್ದು ಹೀಗೆಯೇ. ಕೊರತೆ ಕಾಣಿಸಿಕೊಳ್ಳುವ ಹೊತ್ತಿಗೆ ಕಾಲ ಮೀರಿರುತ್ತದೆ. ಭದ್ರೆಯ ಹುಟ್ಟಿನ ಸೀಮೆಯಲ್ಲಿದ್ದ ಕುದುರೆಮುಖದ ಗಣಿಯು ೨೦೦೫ರ ಕೊನೆಗೆ ನಿಂತದ್ದು ಅದಿರು ಮುಗಿದುದರಿಂದಲ್ಲ; ಸರ್ವೋಚ್ಚ ನ್ಯಾಯಾಲಯ ಮಿತಿಯನ್ನು ಗೊತ್ತುಮಾಡಿದ್ದರಿಂದ. ಸಮೃದ್ಧಿಯಿರುವಲ್ಲಿ ಮಿತಿಯು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಕೊರತೆಯ ಗಣಿತದಲ್ಲಿ ಉತ್ತರವಿಲ್ಲ. ಲಕ್ಕಮ್ಮನ ಪ್ರಸಂಗ ಎತ್ತುವುದು ಆ ಪ್ರಶ್ನೆಯನ್ನೇ. ಪ್ರಬಂಧಕಾರರು ಆಕೆಯನ್ನು ವಿಜ್ಞಾನದೊಂದಿಗೆ ಸಮ್ಮತಿಸುವವಳನ್ನಾಗಿ ಮಾಡಿ ಈ ಪ್ರಶ್ನೆಯನ್ನೇ ಕಳೆದುಬಿಡುತ್ತಾರೆ.

೩

ಸಿದ್ಧರಾಮರ ಪ್ರಸಂಗ ಇನ್ನೂ ಜಟಿಲವಾದುದು. ಸೊನ್ನಲಿಗೆಯ, ಎಂದರೆ ಇಂದಿನ ಸೊಲ್ಲಾಪುರದ ಈ ಮಹಾಯೋಗಿ ಕೆರೆಯನ್ನು ತೋಡಿಸಿದರು, ಗುಡಿಗಳನ್ನು ಕಟ್ಟಿಸಿದರು, ಬಂದವರಿಗೆ ಅನ್ನವಿಕ್ಕಿದರು. ರಾಘವಾಂಕ ತನ್ನ ‘ಸಿದ್ಧರಾಮ ಚಾರಿತ್ರ’ದಲ್ಲಿ ಈ ಕಾರ್ಯಗಳನ್ನು ಮಹಿಮೆಯಾಗಿ ವರ್ಣಿಸುತ್ತಾನೆ. ‘ಶೂನ್ಯಸಂಪಾದನೆ’ಯಲ್ಲಿ ಅದೇ ಕೆರೆ ಪರೀಕ್ಷೆಯ ಕಣವಾಗುತ್ತದೆ. ಶಿವಗಣಪ್ರಸಾದಿ ಮಹದೇವಯ್ಯನಿಂದ ಗೂಳೂರು ಸಿದ್ಧವೀರಣಾರ್ಯನವರೆಗೆ ಈ ಕೃತಿಯನ್ನು ಸಂಕಲಿಸಿದವರು ಈ ಸಂವಾದಕ್ಕೆ ವಿಶೇಷ ಸ್ಥಾನವನ್ನು ಕೊಟ್ಟಿದ್ದಾರೆ. ಅಲ್ಲಮಪ್ರಭು ಕೆರೆಯ ಕೆಲಸ ನಡೆಯುತ್ತಿರುವಲ್ಲಿಗೆ ಬಂದು, ಸಿದ್ಧರಾಮರನ್ನು ಒಡ್ಡನೆಂದು ಕರೆದು ಕೆಣಕುತ್ತಾನೆ. ಕೆಲಸಗಾರರು ಸಿಟ್ಟಾಗಿ ಕಲ್ಲು ತೂರುತ್ತಾರೆ. ಸುದ್ದಿ ಕೇಳಿ ಬಂದ ಸಿದ್ಧರಾಮರು ಕೋಪದಿಂದ ಹಣೆಗಣ್ಣನ್ನು ತೆರೆಯುತ್ತಾರೆ. ಆ ಉರಿ ಪ್ರಭುವನ್ನು ಸೋಂಕದು. ಕೋಪ ಇಳಿದ ಬಳಿಕ ಮಾತು ಮೊದಲಾಗುತ್ತದೆ. ಕೊನೆಗೆ ಇಬ್ಬರೂ ಕಲ್ಯಾಣದ ದಾರಿ ಹಿಡಿಯುತ್ತಾರೆ.

ಈ ಭಾಗವನ್ನು ಕ್ರಿಯೆಯ ಮೇಲೆ ಜ್ಞಾನದ ಜಯವೆಂದು ಸರಳಗೊಳಿಸುವುದು ರೂಢಿ. ಆದರೆ ಕೃತಿಯಲ್ಲಿ ಪ್ರಭು ಕೆರೆಯನ್ನು ಮುಚ್ಚಿಸುವುದಿಲ್ಲ. ನೀರು ಬೇಡವೆನ್ನುವುದಿಲ್ಲ. ಆತ ಪ್ರಶ್ನಿಸುವುದು ಕೆರೆಯನ್ನಲ್ಲ, ‘ನಾನು ಕಟ್ಟಿಸಿದೆ’ ಎಂಬ ಅರಿವನ್ನು. ಆ ಪ್ರಶ್ನೆ ಸರಿಯಾದ ಸ್ಥಳಕ್ಕೇ ತಗುಲಿತೆಂಬುದಕ್ಕೆ ಸಿದ್ಧರಾಮರ ಕೋಪವೇ ಪ್ರಮಾಣ. ಲೋಕಹಿತವನ್ನು ಮಾಡುವವನು ತನ್ನ ಹಿತಕಾರ್ಯವನ್ನು ಯಾರೂ ಪ್ರಶ್ನಿಸಬಾರದೆಂದು ಬಗೆದಾಗ ಆ ಕಾರ್ಯದಲ್ಲಿ ಬಿರುಕು ಬಿಡುತ್ತದೆ. ಸತ್ಕಾರ್ಯಕ್ಕೂ ವಿಮರ್ಶೆ ಬೇಕು. ಅಲ್ಲ, ಸತ್ಕಾರ್ಯಕ್ಕೇ ಹೆಚ್ಚು ಬೇಕು. ದುಷ್ಕಾರ್ಯವನ್ನು ಟೀಕಿಸುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ.

ಇಲ್ಲಿಯೇ ವಿಮರ್ಶಕನು ಕೃತಿಯನ್ನೂ ಪ್ರಶ್ನಿಸಬೇಕಾಗುತ್ತದೆ. ಒಡ್ಡ ಎಂಬುದು ಮಣ್ಣು ಕಲ್ಲಿನ ಕೆಲಸವನ್ನೇ ಬಾಳಾಗಿಸಿಕೊಂಡ ಸಮುದಾಯದ ಹೆಸರು. ಅದು ಅಲ್ಲಿ ನಿಂದೆಯ ಮಾತಾಗಿ ಬಂದಿದೆ. ಕೆರೆಯನ್ನು ತೋಡುತ್ತಿದ್ದವರು ಮಾತನಾಡುವುದು ಕಲ್ಲುಗಳ ಮೂಲಕ ಮಾತ್ರ. ಸಂವಾದ ಮೊದಲಾದ ಮೇಲೆ ಅವರು ಮರೆಯಾಗುತ್ತಾರೆ. ಇಬ್ಬರು ಮಹಾಪುರುಷರ ನಡುವಣ ತತ್ತ್ವಚರ್ಚೆಯಲ್ಲಿ ಬೆವರು ಸುರಿಸಿದವರ ಅಭಿಪ್ರಾಯವನ್ನು ಸಂಕಲನಕಾರರು ಕೇಳಿಲ್ಲ. ಈ ಕೊರತೆಯನ್ನು ತುಂಬಿದ್ದು ಮುಂದಣ ಇತಿಹಾಸ. ಆ ಕಾಯಕದ ಭೋವಿ ಸಮುದಾಯವು ಸಿದ್ಧರಾಮೇಶ್ವರರನ್ನು ತನ್ನ ಗುರುವೆಂದು ಬಗೆದು ಆರಾಧಿಸುತ್ತಿದೆ. ಗ್ರಂಥದಲ್ಲಿ ಹೀಯಾಳಿಕೆಯಾಗಿ ಬಂದ ಹೆಸರು ಜನರ ಭಕ್ತಿಯಲ್ಲಿ ಹೆಮ್ಮೆಯಾಯಿತು. ಆ ಕೆರೆಯಂತೂ ಇಂದಿಗೂ ಸೊಲ್ಲಾಪುರ ನಗರದ ನಡುವೆ, ಗುಡಿಯನ್ನು ಸುತ್ತಿಕೊಂಡು ನಿಂತಿದೆ.

ಆದುದರಿಂದ ಈ ಪ್ರಸಂಗದಿಂದ ದೊರೆಯುವ ಒರೆಗಲ್ಲಿಗೆ ಎರಡು ಮಗ್ಗುಲುಗಳಿವೆ. ಹಿತಕಾರ್ಯ ಮಾಡುವವನು ತನ್ನನ್ನು ತಾನು ಪ್ರಶ್ನಿಸಿಕೊಂಡನೆ? ಆ ಕಾರ್ಯದಲ್ಲಿ ದುಡಿದವರ, ಅದರಿಂದ ನೆಲೆ ಬಿಟ್ಟವರ ಮಾತು ಸಂವಾದದೊಳಗೆ ಬಂದಿತೆ?

೪

ನಮ್ಮ ನಾಡಿನ ವಿದ್ಯಾಸಂಸ್ಥೆಗಳ ಪ್ರಯತ್ನವನ್ನು ಈ ಒರೆಗಲ್ಲಿಗೆ ಹಚ್ಚಿದರೆ ಮೆಚ್ಚತಕ್ಕ ಉದಾಹರಣೆಗಳು ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ವಿದ್ಯುದ್ರಸಾಯನಶಾಸ್ತ್ರಜ್ಞ ಅಮೂಲ್ಯ ಕೆ. ಎನ್. ರೆಡ್ಡಿಯವರು ‘ಅಸ್ತ್ರ’ ಎಂಬ ಘಟಕವನ್ನು ಆರಂಭಿಸಿದರು. ಗ್ರಾಮಗಳಿಗೆ ತಕ್ಕ ವಿಜ್ಞಾನ ಮತ್ತು ತಂತ್ರಗಳ ಪ್ರಯೋಗವೇ ಅದರ ಗುರಿ. ಅದು ಇಂದು ಸುಸ್ಥಿರ ತಂತ್ರಜ್ಞಾನ ಕೇಂದ್ರವೆನಿಸಿದೆ. ಹೊಗೆಯನ್ನು ತಗ್ಗಿಸುವ ಅಸ್ತ್ರ ಒಲೆಯನ್ನು ನಮ್ಮ ಹಳ್ಳಿಗಳ ತಾಯಂದಿರು ಬಲ್ಲರು. ೧೯೮೩ರಲ್ಲಿ ಅದೇ ಮಂದಿರದಲ್ಲಿ ಮಾಧವ ಗಾಡ್ಗೀಳರ ನೇತೃತ್ವದಲ್ಲಿ ಪರಿಸರ ವಿಜ್ಞಾನಗಳ ಕೇಂದ್ರ ಮೊದಲಾಯಿತು.

ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯ ಸಂಗತಿ ನಮ್ಮ ಚರ್ಚೆಗೆ ಬಹಳ ಹತ್ತಿರದ್ದು. ಅಲ್ಲಿ ಊರಿಗೆಲ್ಲ ಸೇರಿದ ಗೋಬರ್ ಅನಿಲದ ಸ್ಥಾವರವನ್ನು ಕಟ್ಟಿ, ಆ ಅನಿಲದಿಂದ ಅಡುಗೆ ಮಾಡಿಸಬೇಕೆಂಬುದು ವಿಜ್ಞಾನಿಗಳ ಮೊದಲ ಆಲೋಚನೆಯಾಗಿತ್ತು. ಊರಿನ ಸಗಣಿ ಅಷ್ಟಕ್ಕೆ ಸಾಲದಾಯಿತು, ಯೋಜನೆ ನಡೆಯಲಿಲ್ಲ. ಊರಿನವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು. ೧೯೮೭ರಿಂದ ಅದೇ ಅನಿಲವು ಎಂಜಿನನ್ನು ನಡೆಸಿ, ನೀರನ್ನೆತ್ತಿ, ಮನೆಗಳಿಗೆ ಬೆಳಕನ್ನು ಕೊಟ್ಟಿತು. ಸಗಣಿ ಕೊಟ್ಟವರಿಗೆ ಗೊಬ್ಬರ ಹಿಂದಿರುಗಿತು. ರಸಾಯನಶಾಸ್ತ್ರ, ಯಂತ್ರಶಾಸ್ತ್ರ, ಅರ್ಥಶಾಸ್ತ್ರಗಳು ಕೂಡಿದ್ದರಿಂದಷ್ಟೇ ಈ ಫಲ ಬರಲಿಲ್ಲ. ಶಾಸ್ತ್ರಜ್ಞರು ತಮ್ಮ ಹಿತಕಾರ್ಯವನ್ನು ತಾವೇ ಪ್ರಶ್ನಿಸಿಕೊಂಡು, ಊರಿನ ಮಾತಿಗೆ ಕಿವಿಗೊಟ್ಟದ್ದರಿಂದ ಬಂದಿತು. ವಿಜ್ಞಾನಿಗಳು ಸೊನ್ನಲಿಗೆಯ ಸಂವಾದವನ್ನು ಓದಿದ್ದರೋ ಇಲ್ಲವೋ, ಅದರ ಮರ್ಮವನ್ನು ಆಚರಿಸಿದರು. ಶರಣರು ಅನುಭಾವವೆಂದಾಗ ಅರಿವು ನಡೆಯಲ್ಲಿ ಪರೀಕ್ಷಿತವಾಗಬೇಕೆಂಬುದೂ ಅದರೊಳಗೆ ಸೇರಿತ್ತಲ್ಲವೆ?

ಬೋಧನೆಯ ಕಡೆಗೆ ತಿರುಗಿದರೆ ಚಿತ್ರ ಅಷ್ಟು ಉಜ್ಜ್ವಲವಲ್ಲ. ೧೯೯೧ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ನಿರ್ದೇಶನದ ಫಲವಾಗಿ ಪರಿಸರ ಅಧ್ಯಯನವು ಪದವಿ ತರಗತಿಗಳಿಗೆ ಕಡ್ಡಾಯವಾಯಿತು. ವಿಶ್ವವಿದ್ಯಾನಿಲಯ ಅನುದಾನ ಆಯೋಗ ಸಿದ್ಧಪಡಿಸಿದ ಪಠ್ಯಕ್ರಮದಲ್ಲಿ ಕೊನೆಯ ಘಟಕ ಕ್ಷೇತ್ರಕಾರ್ಯದ್ದು. ವಿದ್ಯಾರ್ಥಿ ತನ್ನ ಸಮೀಪದ ನದಿ, ಕಾಡು, ಹುಲ್ಲುಗಾವಲು, ಬೆಟ್ಟ ಇವುಗಳಲ್ಲೊಂದಕ್ಕೆ ಹೋಗಿ ಕಂಡುದನ್ನು ದಾಖಲಿಸಬೇಕು. ಪಠ್ಯಕ್ರಮವನ್ನು ರಚಿಸಿದವರ ದೃಷ್ಟಿ ಪ್ರಶಂಸನೀಯ. ಆದರೆ ಹಲವು ಕಾಲೇಜುಗಳಲ್ಲಿ ಈ ವಿಷಯ ಬೋಧನೆಯ ಅವಧಿ ಕಡಿಮೆಯಿರುವ ಅಧ್ಯಾಪಕರ ಪಾಲಿಗೆ ಬೀಳುತ್ತದೆ. ಕ್ಷೇತ್ರಕಾರ್ಯವು ಒಂದು ದಿನದ ಪ್ರವಾಸವಾಗಿ, ಪರೀಕ್ಷೆಯು ಬಿಟ್ಟ ಸ್ಥಳ ತುಂಬುವ ಅಭ್ಯಾಸವಾಗಿ ಕೊನೆಗೊಳ್ಳುತ್ತದೆ. ತರೀಕೆರೆಯ ವಿದ್ಯಾರ್ಥಿ ಅಮೆಜಾನ್ ಕಾಡಿನ ವಿಸ್ತೀರ್ಣವನ್ನು ಬಲ್ಲ. ಹೆಬ್ಬೆಯ ಹಳ್ಳ ಎಲ್ಲಿ ಸೇರುತ್ತದೆಂದು ಕೇಳಿದರೆ ತಡಕಾಡುತ್ತಾನೆ. ಇದು ವಿದ್ಯಾರ್ಥಿಯ ದೋಷವಲ್ಲ.

ವಿಪರ್ಯಾಸವೆಂದರೆ, ಹೆಬ್ಬೆಯ ನೀರು ಕೂಡುವ ಜಲಾಶಯದ ಹತ್ತಿರದಲ್ಲಿಯೇ, ಶಂಕರಘಟ್ಟದ ಕಾಡಿನಂಚಿನಲ್ಲಿ, ೧೯೮೭ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯದ ‘ಜ್ಞಾನಸಹ್ಯಾದ್ರಿ’ ಇದೆ. ಪರಿಸರ ವಿಜ್ಞಾನ, ವನ್ಯಜೀವಿ ನಿರ್ವಹಣೆ ಇವುಗಳ ಅಧ್ಯಯನವೂ, ಕನ್ನಡ ಭಾರತಿಯೂ ಅಲ್ಲಿ ಒಂದೇ ಆವರಣದಲ್ಲಿವೆ. ಇಂಥ ನೆರೆಹೊರೆ ನಾಡಿನ ಹಲವು ವಿಶ್ವವಿದ್ಯಾನಿಲಯಗಳಿಗೆ ಇಲ್ಲದ ಭಾಗ್ಯ. ಈ ವಿಭಾಗಗಳ ವಿದ್ಯಾರ್ಥಿಗಳು ಕೂಡಿ ಒಂದೇ ಪ್ರಶ್ನೆಯ ಬೆನ್ನು ಹತ್ತಿದರೆ ಏನಾದೀತು? ಕಾಡಿನಿಂದ ಎಂ.ಸಿ. ಹಳ್ಳಿಗೆ ಬಂದ ಕುಟುಂಬಗಳ ವಿಷಯವನ್ನೇ ನೋಡೋಣ. ಭದ್ರಾದ ಸ್ಥಳಾಂತರವನ್ನು ದೇಶದ ಇತರ ಸ್ಥಳಾಂತರಗಳಿಗೆ ಹೋಲಿಸಿ ಸಂಶೋಧಕರು ಮೆಚ್ಚಿ ಬರೆದಿದ್ದಾರೆ. ನೀರಾವರಿಯ ನೆಲ, ಶಾಲೆ, ಆಸ್ಪತ್ರೆ, ರಸ್ತೆ ಇವು ಕಾಡಿನೊಳಗೆ ಸುಲಭವಾಗಿರಲಿಲ್ಲವೆಂಬುದು ನಿಜ. ತೆರವಾದ ನೆಲದಲ್ಲಿ ಹುಲ್ಲೂ ಮೃಗವೂ ಮರಳಿದ್ದನ್ನು ಪ್ರಾಣಿಶಾಸ್ತ್ರಜ್ಞ ಅಳೆಯಬಲ್ಲ. ಹೊಸ ಊರಿನ ಆದಾಯವನ್ನು ಅರ್ಥಶಾಸ್ತ್ರಜ್ಞ ಅಳೆಯಬಲ್ಲ. ಬಿಟ್ಟು ಬಂದ ಊರಿನ ದೇವರು, ಹಳ್ಳಕೊಳ್ಳಗಳ ಹೆಸರು, ಸೊಪ್ಪುಬೇರುಗಳ ಅರಿವು, ಹಾಡು, ಗಾದೆ ಇವು ಮಕ್ಕಳ ನಾಲಗೆಯಲ್ಲಿ ಉಳಿದಿವೆಯೆ ಎಂದು ಕೇಳಬೇಕಾದವರು ಯಾರು? ಅದು ಭಾಷೆಯ ವಿದ್ಯಾರ್ಥಿಯ ಕಾಯಕ. ಆ ಉತ್ತರವಿಲ್ಲದೆ ಉಳಿದ ಎರಡು ಉತ್ತರಗಳೂ ಅಪೂರ್ಣ.

ಭಾಷೆಯ ಮಾತು ಬಂದಾಗ ಇನ್ನೊಂದನ್ನು ಹೇಳಬೇಕು. ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮಘಟ್ಟ ಸಮಿತಿ ೨೦೧೧ರಲ್ಲಿಯೂ ಕಸ್ತೂರಿರಂಗನ್ ಅವರ ಅಧ್ಯಕ್ಷತೆಯ ಸಮಿತಿ ೨೦೧೩ರಲ್ಲಿಯೂ ವರದಿಗಳನ್ನು ಒಪ್ಪಿಸಿದವು. ಎರಡೂ ಇಂಗ್ಲಿಷಿನಲ್ಲಿದ್ದವು. ಮಲೆನಾಡಿನ ರೈತನಿಗೆ ಅವು ತಲುಪಿದ್ದು ಬಹುಮಟ್ಟಿಗೆ ವದಂತಿಯ ರೂಪದಲ್ಲಿ, ಭಯದ ರೂಪದಲ್ಲಿ. ವಿರೋಧವೂ ಸಮರ್ಥನೆಯೂ ಓದದ ಪುಸ್ತಕವನ್ನು ಕುರಿತೇ ನಡೆದವು. ಸಂಸ್ಕೃತವನ್ನು ಬಲ್ಲವರೂ ಇದ್ದ ಕಲ್ಯಾಣದಲ್ಲಿ ಶರಣರು ಅತ್ಯಂತ ಸೂಕ್ಷ್ಮವಾದ ತತ್ತ್ವವನ್ನು ಕನ್ನಡದಲ್ಲಿ ಚರ್ಚಿಸಿದ್ದು ಭಾಷಾಭಿಮಾನಕ್ಕಾಗಿ ಮಾತ್ರವಲ್ಲ; ಅಂಬಿಗ, ಮಾದಾರ, ಮಡಿವಾಳ, ಆಯ್ದಕ್ಕಿಯವಳು ಅಲ್ಲಿ ಕೇಳುಗರಷ್ಟೇ ಆಗಿರಲಿಲ್ಲ, ವಾದಿಗಳೂ ಆಗಿದ್ದರು. ನಮ್ಮ ಅಂತರ್‌ಶಾಸ್ತ್ರೀಯ ಸಭೆಗಳಲ್ಲಿ ಶಾಸ್ತ್ರಗಳ ಸಂಖ್ಯೆ ಹೆಚ್ಚಿದೆ, ಕಾಯಕಗಳ ಸಂಖ್ಯೆ ಹೆಚ್ಚಿಲ್ಲ. ಹತ್ತು ಮಂದಿ ಪ್ರಾಧ್ಯಾಪಕರು ಸೇರಿದರೆ ಹತ್ತು ವಿಭಾಗಗಳಾದಾವು, ಅದೇ ಅನುಭವಮಂಟಪವಾಗದು.

೫

‘ಸುಸ್ಥಿರ’ ಎಂಬ ಪದವನ್ನೇ ಕೊನೆಗೆ ಪರಿಶೀಲಿಸಬಹುದು. ಅದರಲ್ಲಿ ನಿಲ್ಲುವ ಅರ್ಥವಿದೆ. ‘ಸ್ಥಾವರ’ವೂ ಅದೇ ಧಾತುವಿನ ಸಂತಾನ. ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದು ಬಗೆದ ಪರಂಪರೆ ಈ ಪದದ ಮುಂದೆ ಒಂದು ಕ್ಷಣ ತಡೆದು ಕೇಳುತ್ತದೆ: ಉಳಿಯಬೇಕಾದುದು ಯಾವುದು? ಅಣೆಕಟ್ಟೆ, ಬೇಲಿಯೆ, ಕಟ್ಟಡವೆ, ಅಥವಾ ಇವುಗಳ ನಡುವೆ ಸಂಚರಿಸುವ ನೀರು, ಜೀವ, ಅರಿವುಗಳೆ? ಪದವನ್ನು ಬದಲಿಸಬೇಕೆಂದು ನಾವು ಹೇಳುವುದಿಲ್ಲ. ಅದನ್ನು ಬಳಸುವಾಗ ಈ ಪ್ರಶ್ನೆ ಜೊತೆಗಿರಲಿ ಎಂದಷ್ಟೇ ಹೇಳುತ್ತೇವೆ.

ನಾಡಿನ ಮಠಗಳು ನಡೆಸುತ್ತಿರುವ ಕಾಲೇಜುಗಳು ಅನೇಕ. ಆ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಪತ್ರಿಕೆಯ ವಾಚಕರಲ್ಲಿದ್ದಾರೆ. ಅವರಲ್ಲಿ ನಮ್ಮ ವಿನಂತಿ ಇಷ್ಟು. ವಚನಗಳಲ್ಲಿ ಮರಗಿಡಗಳ ಹೆಸರನ್ನು ಎಣಿಸುವುದನ್ನು ಕೆಲಕಾಲ ನಿಲ್ಲಿಸೋಣ. ಅದರ ಬದಲು ಪ್ರತಿಯೊಂದು ಕಾಲೇಜೂ ತನ್ನ ಸೀಮೆಯ ಒಂದು ಕೆರೆಯನ್ನೋ ಹಳ್ಳವನ್ನೋ ಕಾವಲನ್ನೋ ಆರಿಸಿಕೊಂಡು, ಎಲ್ಲ ವಿಭಾಗಗಳ ವಿದ್ಯಾರ್ಥಿಗಳನ್ನೂ ವರುಷವಿಡೀ ಅಲ್ಲಿಗೆ ಕಳುಹಿಸಲಿ. ಅಲ್ಲಿ ದುಡಿಯುವವರನ್ನು ವಿಚಾರಗೋಷ್ಠಿಗೆ ಕರೆದು ಮೊದಲ ಮಾತು ಅವರಿಗೆ ಕೊಡಲಿ. ಕಂಡುದನ್ನು ಕನ್ನಡದಲ್ಲಿ ಬರೆದು ಆ ಊರಿನ ಜನರ ಮುಂದೆಯೇ ಓದಲಿ. ಆಗ ಲಕ್ಕಮ್ಮ ಮಿತಿಯ ಪ್ರಶ್ನೆಯನ್ನೂ ಪ್ರಭು ಕರ್ತೃತ್ವದ ಪ್ರಶ್ನೆಯನ್ನೂ ತಾವಾಗಿಯೇ ಕೇಳುವರು. ಕಲ್ಲು ಬಿದ್ದರೆ ಬೀಳಲಿ. ಸೊನ್ನಲಿಗೆಯಲ್ಲಿಯೂ ಸಂವಾದ ಮೊದಲಾದದ್ದು ಅದಾದ ಮೇಲೆಯೇ.